ಹೊಸ ಪಿಕಪ್, ಹಳೆ ಟ್ರೇಲರ್: ಹಿಂದೆ ಓಲಾಡಿದರೆ ಎಲ್ಲಿಂದ ಹುಡುಕಬೇಕು?

ಹೊಸ ಪಿಕಪ್ ತಂದ ಮೇಲೆ, ನೀರಿನ ಟ್ಯಾಂಕ್, ಗ್ಯಾಸ್, ಬೀರು ಎಲ್ಲ ಇರುವ ನಮ್ಮ ಪ್ರವಾಸದ ಟ್ರೇಲರ್ ಕಟ್ಟಿಕೊಂಡು ಹೊರಟ ಮೊದಲ ದಿನ. ತಮ್ಮ ತನ್ನ ಕಾರಿನಲ್ಲಿ ನನ್ನ ಹಿಂದೆಯೇ ಬರುತ್ತಿದ್ದ. ಇಳಿಜಾರಿನಲ್ಲಿ ವೇಗ ಗಂಟೆಗೆ 95 ಕಿ.ಮೀ. ಮುಟ್ಟಿತ್ತು. ಅಷ್ಟರಲ್ಲಿ ಗಾಡಿಯ ಸ್ಪೀಕರ್‌ನಲ್ಲಿ ಅವನ ದನಿ: "ಅಣ್ಣಾ, ನಿಧಾನ ಮಾಡು. ಟ್ರೇಲರ್ ಬಾಲ ಆಡಿಸ್ತಿದೆ." ಕನ್ನಡಿ ನೋಡಿದೆ. ಟ್ರೇಲರ್‌ನ ಹಿಂದಿನ ಮೂಲೆ ಬಿಳಿ ಗೆರೆಯ ಹತ್ತಿರ ಬಂದು, ದೂರ ಸರಿದು, ಮತ್ತೆ ಬರುತ್ತಿತ್ತು. ಸ್ಟೀರಿಂಗ್ ಹಿಡಿದ ಕೈಗೆ ಮಾತ್ರ ಏನೂ ಗೊತ್ತಾಗಿರಲಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಸ್ಟೆಬಿಲಿಟಿ ದೀಪ ಒಂದೆರಡು ಸಲ ಮಿನುಗಿತ್ತು, ನಾನು ಲಕ್ಷ್ಯ ಕೊಟ್ಟಿರಲಿಲ್ಲ.

ಇದೇ ಟ್ರೇಲರನ್ನು ಹಳೆ ಪಿಕಪ್ ವರ್ಷಗಟ್ಟಲೆ ಎಳೆದಿತ್ತು. ಒಂದು ದಿನವೂ ಹೀಗೆ ಆಗಿರಲಿಲ್ಲ. ಹಾಗಾಗಿ ಮೊದಲ ಅನುಮಾನ ಹೊಸ ಗಾಡಿಯ ಮೇಲೇ ಹೋಯಿತು. ನಿಮಗೂ ಹಾಗೇ ಅನಿಸಬಹುದು. ಆದರೆ ಹೊಸ ಪಿಕಪ್ ಬಂದಾಗ ಅದರ ಜೊತೆಗೆ ಹಿಚ್ ಬಾಲ್‌ನ (ಟ್ರೇಲರ್ ಸಿಕ್ಕಿಸುವ ಜೋಡಣೆ ಹಿಚ್, ಅದರ ಮೇಲಿನ ಲೋಹದ ಗುಂಡು ಬಾಲ್) ಎತ್ತರ, ಹಿಂದಿನ ಸ್ಪ್ರಿಂಗ್‌ನ ಗಡಸು, ಟೈರ್, ಟ್ರೇಲರ್‌ನ ಬ್ರೇಕ್ ನಡೆಸುವ ಬ್ರೇಕ್ ಕಂಟ್ರೋಲರ್ ಎಲ್ಲವೂ ಬದಲಾಗುತ್ತವೆ. ಟ್ರೇಲರ್ ಮತ್ತು ಹಿಚ್ ಮಾತ್ರ ಹಳೆ ಗಾಡಿಗೆ ಹೊಂದಿಸಿದ ಲೆಕ್ಕದಲ್ಲೇ ಉಳಿದಿರುತ್ತವೆ. ಹತ್ತರಲ್ಲಿ ಎಂಟು ಸಲ ತೊಂದರೆ ಇರುವುದು ಅಲ್ಲಿ ಅಂತ ನನ್ನ ಅನಿಸಿಕೆ. ಅದಕ್ಕೇ ಅಂಗಡಿಗೆ ಓಡಿ ಓಲಾಟ ತಡೆಯುವ ಸಾಮಾನು ಕೊಳ್ಳುವ ಮುಂಚೆ ಟೇಪು, ಸೀಮೆಸುಣ್ಣ, ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ.

ರಸ್ತೆಯಲ್ಲೇ ಶುರುವಾದರೆ

ದೋಷ ಹುಡುಕುವ ಮಾತು ಆಮೇಲೆ. ಓಡುತ್ತಿರುವಾಗ ಓಲಾಟ ಶುರುವಾದರೆ ಸ್ಟೀರಿಂಗನ್ನು ನೇರವಾಗಿ, ಗಟ್ಟಿಯಾಗಿ ಹಿಡಿಯಿರಿ. ಟ್ರೇಲರ್ ಎಡಕ್ಕೆ ಹೋಯಿತೆಂದು ನೀವು ಬಲಕ್ಕೆ ತಿರುಗಿಸಲು ಹೋದರೆ, ನಿಮ್ಮ ಕೈ ಅದರ ಓಲಾಟಕ್ಕಿಂತ ಅರ್ಧ ಹೆಜ್ಜೆ ತಡವಾಗಿರುತ್ತದೆ. ಆ ತಡವೇ ಓಲಾಟವನ್ನು ಜಾಸ್ತಿ ಮಾಡುತ್ತದೆ. ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ. ವೇಗ ಹೆಚ್ಚಿಸಿ ಅದನ್ನು ನೇರ ಮಾಡಲು ಹೋಗಬೇಡಿ.

ಟ್ರೇಲರ್‌ಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಕಂಟ್ರೋಲರ್‌ನ ಕೈ ಲಿವರ್ ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಾಕಿ, ಪಿಕಪ್‌ನ ಬ್ರೇಕ್ ಪೆಡಲ್ ಮುಟ್ಟಬೇಡಿ. ಟ್ರೇಲರ್ ಹಿಂದಕ್ಕೆ ಎಳೆದಾಗ ಇಡೀ ಜೋಡಿ ಹಗ್ಗ ಬಿಗಿದ ಹಾಗೆ ನೇರವಾಗುತ್ತದೆ. ಬೇರೆ ಬಗೆಯ ಬ್ರೇಕ್ ಇದ್ದರೆ ಅದರ ಕೈಪಿಡಿ ಹೇಳಿದಂತೆ ಮಾಡಿ. ಈ ಲಿವರ್ ಎಲ್ಲಿದೆ ಅಂತ ಹೊಸ ಗಾಡಿಯಲ್ಲಿ ನೋಡದೇನೇ ಕೈಗೆ ಸಿಗಬೇಕು. ಮನೆ ಮುಂದೆ ನಿಲ್ಲಿಸಿಕೊಂಡು ಹತ್ತು ಸಲ ಕೈ ಹಾಕಿ ರೂಢಿ ಮಾಡಿಕೊಳ್ಳಿ. ನನಗೆ ಆ ದಿನ ಅದು ರೂಢಿಯಾಗಿರಲಿಲ್ಲ. ವೇಗ ತಾನಾಗೇ ಇಳಿದಿದ್ದರಿಂದ ಬಚಾವಾದೆವು.

ಓಲಾಟವೋ, ಗಾಳಿಯ ತಳ್ಳಾಟವೋ?

ಎರಡೂ ಒಂದೇ ಥರ ಕಾಣುತ್ತವೆ, ಕಾರಣ ಬೇರೆ. ದೊಡ್ಡ ಲಾರಿಯೊಂದು ನಿಮ್ಮನ್ನು ದಾಟುವಾಗ ಅದರ ಮುಂದಿನ ಗಾಳಿ ಮೊದಲು ಟ್ರೇಲರನ್ನು ಆಚೆ ತಳ್ಳುತ್ತದೆ, ಲಾರಿ ಪಕ್ಕಕ್ಕೆ ಬಂದಾಗ ಒಳಕ್ಕೆ ಎಳೆಯುತ್ತದೆ. ಇದು ಎಲ್ಲ ಎತ್ತರದ ಟ್ರೇಲರ್‌ಗೂ ಆಗುವುದೇ. ನೋಡಬೇಕಾದದ್ದು ಲಾರಿ ಹೋದ ಮೇಲೆ ಏನಾಗುತ್ತದೆ ಅನ್ನುವುದನ್ನು. ಟ್ರೇಲರ್ ಒಂದು ಸಲ, ಹೆಚ್ಚೆಂದರೆ ಎರಡು ಸಲ ಆಡಿ ಸುಮ್ಮನಾದರೆ ಅದು ಗಾಳಿ. ಮೂರು, ನಾಲ್ಕು, ಐದು ಅಂತ ಆಡುತ್ತಲೇ ಇದ್ದರೆ, ಇಲ್ಲವೇ ಗಾಳಿಯೇ ಇಲ್ಲದೆ ತಾನಾಗಿ ಶುರುವಾದರೆ, ಅದು ನಾವು ಹುಡುಕುತ್ತಿರುವ ದೋಷ.

ಇಲ್ಲಿ ಒಂದು ವಿಷಯ ಮನಸ್ಸಿಗೆ ಇಳಿಯಬೇಕು. ಓಲಾಡುವ ಟ್ರೇಲರನ್ನು ಸುಮ್ಮನಾಗಿಸುವ ಶಕ್ತಿ ವೇಗ ಏರಿದಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಪ್ರತಿ ಜೋಡಿಗೂ ಒಂದು ಗಡಿ ವೇಗ ಇರುತ್ತದೆ. ಅದಕ್ಕಿಂತ ಕೆಳಗೆ ಓಲಾಟ ತಾನಾಗಿ ಸಾಯುತ್ತದೆ. ಅದನ್ನು ದಾಟಿದರೆ ತಾನಾಗಿ ಬೆಳೆಯುತ್ತದೆ. "80ರಲ್ಲಿ ಬೆಣ್ಣೆ ಥರ ಹೋಗ್ತಿತ್ತು, 95ರಲ್ಲಿ ಮಾತ್ರ ಹೀಗಾಯ್ತು" ಅನ್ನುವವರು 80ರಲ್ಲೂ ಆ ಗಡಿಯ ಹತ್ತಿರವೇ ಇದ್ದರು. ಇಳಿಜಾರು, ಅಡ್ಡಗಾಳಿ, ಒಂದು ಸ್ವಲ್ಪ ಕಡಿಮೆ ಗಾಳಿ ಇರುವ ಟೈರ್, ಇವು ಯಾವುದಾದರೂ ಸಾಕು ಆ ಗಡಿಯನ್ನು ಕೆಳಗಿಳಿಸಲು. ನಾವು ಮಾಡುವ ರಿಪೇರಿಯೆಲ್ಲ ಆ ಗಡಿಯನ್ನು ನಮ್ಮ ವೇಗದಿಂದ ದೂರ ತಳ್ಳುವ ಕೆಲಸ.

ಮೊದಲು ತೂಕ

ಇದನ್ನು ಬಿಟ್ಟು ಬೇರೆ ಯಾವುದನ್ನೂ ಮೊದಲು ಮುಟ್ಟಬೇಡಿ. ಎತ್ತಿನ ಗಾಡಿಗೆ ಹಿಂಭಾರ ಹೇರಿದರೆ ಮೂಕಿ ಮೇಲೇಳುತ್ತದೆ ಅಲ್ವಾ, ಟ್ರೇಲರ್‌ನ ಕಥೆಯೂ ಅದೇ. ಟ್ರೇಲರ್‌ನ ಮೂಕಿ ಹಿಚ್ ಬಾಲ್ ಮೇಲೆ ಎಷ್ಟು ಭಾರ ಊರುತ್ತದೋ ಅದಕ್ಕೆ ಇಲ್ಲಿ ಮೂಕಿ ಭಾರ ಅನ್ನುತ್ತೇನೆ. ಪಿಕಪ್‌ಗಳು ಬಾಲ್ ಹಿಚ್‌ನಲ್ಲಿ ಎಳೆಯುವ ದೊಡ್ಡ ಟ್ರೇಲರ್‌ಗಳಿಗೆ ಈ ಭಾರ ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15 ಇರಬೇಕು ಅನ್ನುವುದು ಸಾಮಾನ್ಯ ನಿಯಮ. ಕಾರುಗಳು ಎಳೆಯುವ ಹಗುರ ಯುರೋಪಿಯನ್ ಕ್ಯಾರವಾನ್‌ಗಳ ಲೆಕ್ಕ ಬೇರೆ, ಅಲ್ಲಿ ಮಿತಿ ಇದಕ್ಕಿಂತ ಕಡಿಮೆ. ನಿಮ್ಮ ಗಾಡಿ, ಹಿಚ್, ಟ್ರೇಲರ್ ಮೂರರ ಮೇಲೂ ಬರೆದಿರುವ ಮಿತಿ ನೋಡಿ. ಮೂರರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ.

ಮೂಕಿ ಭಾರವನ್ನು ಅಂದಾಜಿನಲ್ಲಿ ಹೇಳಬೇಡಿ. ವೇಬ್ರಿಡ್ಜ್‌ಗೆ ಹೋಗಿ. ಪ್ರಯಾಣಕ್ಕೆ ಹೊರಡುವಾಗ ಏನೇನು ತುಂಬುತ್ತೀರೋ ಅಷ್ಟೂ ತುಂಬಿರಬೇಕು. ನೀರಿನ ಟ್ಯಾಂಕ್, ಗ್ಯಾಸ್, ಕುರ್ಚಿ, ಸೈಕಲ್, ಎಲ್ಲ. ಒಂದು ಸಲ ಪಿಕಪ್ ಮಾತ್ರ ತೂಗಿ. ಇನ್ನೊಂದು ಸಲ ಟ್ರೇಲರ್ ಕಟ್ಟಿ, ಮೂಕಿ ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಸ್ಪ್ರಿಂಗ್ ಬಾರ್‌ಗಳಿರುವ ಹಿಚ್ ಆದರೆ ಬಾರ್ ಬಿಚ್ಚಿ, ಆಕ್ಸಲ್‌ವಾರು ತೂಗಿ. ನನ್ನ ನೋಟ್‌ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗಿತ್ತು: ಪಿಕಪ್ ಒಂದೇ ಇದ್ದಾಗ ಮುಂದಿನ ಆಕ್ಸಲ್ 1,480 ಕೆಜಿ, ಹಿಂದಿನದು 1,170, ಒಟ್ಟು 2,650. ಟ್ರೇಲರ್ ಕಟ್ಟಿದ ಮೇಲೆ ಮುಂದೆ 1,400, ಹಿಂದೆ 1,470, ಒಟ್ಟು 2,870. ಟ್ರೇಲರ್‌ನ ಚಕ್ರಗಳ ಮೇಲೆ 2,580.

ಪಿಕಪ್‌ನ ಎರಡು ಮೊತ್ತಗಳ ವ್ಯತ್ಯಾಸವೇ ಮೂಕಿ ಭಾರ, ಅಂದರೆ 220 ಕೆಜಿ. ಅದಕ್ಕೆ ಟ್ರೇಲರ್ ಚಕ್ರಗಳ ಮೇಲಿದ್ದದ್ದನ್ನು ಸೇರಿಸಿದರೆ ಟ್ರೇಲರ್‌ನ ಪೂರ್ತಿ ತೂಕ 2,800. ಶೇಕಡಾ ಲೆಕ್ಕ ಹಾಕಿದರೆ 8 ಕೂಡ ಬರಲಿಲ್ಲ. ಓಲಾಟದ ಮೂಲ ಅಲ್ಲೇ ಬಿಚ್ಚಿಕೊಂಡಿತು.

ಹಾಗಾದರೆ ಹಳೆ ಪಿಕಪ್‌ನಲ್ಲಿ ಯಾಕೆ ಆಡಲಿಲ್ಲ? ನೆನಪು ಮಾಡಿಕೊಂಡರೆ, ಆಗ ನಾವು ಯಾವತ್ತೂ ನೀರು ತುಂಬಿಕೊಂಡು ಹೊರಟವರಲ್ಲ. ಹೋದ ಜಾಗದಲ್ಲೇ ತುಂಬುತ್ತಿದ್ದೆವು. ಹೊಸ ಗಾಡಿಗೆ ಶಕ್ತಿ ಜಾಸ್ತಿ ಇದೆಯಲ್ಲ ಅಂತ ಈ ಸಲ 150 ಲೀಟರ್ ಟ್ಯಾಂಕ್ ಮನೆಯಲ್ಲೇ ತುಂಬಿದ್ದೆ. ಸೈಕಲ್‌ಗಳನ್ನೂ ಟ್ರೇಲರ್‌ನ ಹಿಂಬದಿಗೆ ನೇತುಹಾಕಿದ್ದೆ. ಗಾಡಿ ಬದಲಾದಾಗ ನಾವು ಹೇರುವ ರೀತಿಯೂ ನಮಗೇ ಗೊತ್ತಾಗದೆ ಬದಲಾಗಿಬಿಡುತ್ತದೆ. ಇದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ: ಈ ಸಲ ಬೇರೆ ಏನು ಹೇರಿದೆ?

ಲೆಕ್ಕ ಸುಲಭ. ಟ್ರೇಲರ್ ಆಕ್ಸಲ್‌ಗಳ ನಡುವಿನಿಂದ ವಸ್ತು ಎಷ್ಟು ಹಿಂದಿದೆ ಅನ್ನುವುದನ್ನು ಅದರ ತೂಕದಿಂದ ಗುಣಿಸಿ, ಹಿಚ್ ಬಾಲ್‌ನಿಂದ ಆಕ್ಸಲ್ ನಡುವಿನವರೆಗಿನ ಉದ್ದದಿಂದ ಭಾಗಿಸಿ. ಬಂದದ್ದು ಮೂಕಿಯಿಂದ ಕಳೆದುಹೋದ ಭಾರ. ನನ್ನ ಟ್ರೇಲರ್‌ನಲ್ಲಿ ಬಾಲ್‌ನಿಂದ ಆಕ್ಸಲ್ ನಡುವಿಗೆ 5.4 ಮೀಟರ್. ನೀರಿನ ಟ್ಯಾಂಕ್ ಆಕ್ಸಲ್‌ಗಿಂತ 1.8 ಮೀಟರ್ ಹಿಂದೆ. 150 ಕೆಜಿ ನೀರು ಮೂಕಿಯಿಂದ 50 ಕೆಜಿ ಎತ್ತುತ್ತಿತ್ತು. 40 ಕೆಜಿಯ ಸೈಕಲ್‌ಗಳು 3 ಮೀಟರ್ ಹಿಂದೆ ನೇತಾಡಿ ಇನ್ನೂ 22 ಕೆಜಿ ಎತ್ತುತ್ತಿದ್ದವು.

ನೀರು ಖಾಲಿ ಮಾಡಿದೆ. ಮೂಕಿ ಭಾರ 270ಕ್ಕೆ ಬಂತು. ಸೈಕಲ್‌ಗಳನ್ನು ಇಳಿಸಿ ಪಿಕಪ್‌ನ ಹಿಂಭಾಗದಲ್ಲಿ ಮಲಗಿಸಿದೆ. 292. ಹಿಂದಿನ ಬೀರುವಿನಲ್ಲಿದ್ದ 60 ಕೆಜಿ ಸಾಮಾನನ್ನು 2.7 ಮೀಟರ್ ಮುಂದಕ್ಕೆ, ಆಕ್ಸಲ್‌ಗಿಂತ ಸ್ವಲ್ಪ ಮುಂದೆ, ನೆಲದ ಮೇಲೆ ಇಟ್ಟೆ. 322. ಅಷ್ಟರಲ್ಲಿ ಟ್ರೇಲರ್‌ನ ಒಟ್ಟು ತೂಕವೂ 2,610ಕ್ಕೆ ಇಳಿದಿತ್ತು. ಶೇ 12ಕ್ಕಿಂತ ತುಸು ಮೇಲೆ. ಒಂದು ಸಾಮಾನೂ ಕೊಳ್ಳದೆ ಅರ್ಧ ದಿನದಲ್ಲಿ ಆದ ಕೆಲಸ ಇದು.

ಇಲ್ಲಿ ಒಂದು ತಪ್ಪು ದಾರಿ ಇದೆ. ಹಿಂದಿನ ಭಾರ ಹಾಗೇ ಬಿಟ್ಟು, ಮೂಕಿಯ ಮೇಲೆ ಮುಂದೆ ಒಂದಷ್ಟು ಭಾರ ಹೇರಿದರೆ ಕಾಗದದ ಮೇಲೆ ಶೇಕಡಾ ಸರಿ ಬರುತ್ತದೆ. ಆದರೆ ಎರಡೂ ತುದಿಗೆ ಭಾರ ಇರುವ ಟ್ರೇಲರ್ ಕಸರತ್ತಿನ ಡಂಬೆಲ್ ಇದ್ದಂತೆ. ತಿರುಗಲು ಶುರುವಾದರೆ ನಿಲ್ಲಿಸುವುದು ಕಷ್ಟ. ಭಾರದ ಸಾಮಾನು ಆಕ್ಸಲ್ ಹತ್ತಿರ, ಕೆಳಗೆ, ತುಸು ಮುಂದಕ್ಕೆ ಇರಲಿ. ಹಗುರದ್ದು ತುದಿಗಳಿಗೆ ಹೋಗಲಿ.

ಹತ್ತಿರದಲ್ಲಿ ವೇಬ್ರಿಡ್ಜ್ ಇಲ್ಲದಿದ್ದರೆ ಮನೆಯಲ್ಲಿ ಮೈತೂಕ ನೋಡುವ ತಕ್ಕಡಿ ಸಾಕು. ಒಂದು ಮೀಟರ್ ಉದ್ದದ ಗಟ್ಟಿ ಹಲಗೆ ತನ್ನಿ. ಒಂದು ತುದಿಯ ಕೆಳಗೆ ತಕ್ಕಡಿಯಷ್ಟೇ ಎತ್ತರದ ಇಟ್ಟಿಗೆ, ಇನ್ನೊಂದು ತುದಿಯ ಕೆಳಗೆ ತಕ್ಕಡಿ. ಹಲಗೆ ಊರುವ ಎರಡೂ ಕಡೆ ಚಿಕ್ಕ ಪೈಪ್ ತುಂಡು ಇಟ್ಟರೆ ಅಳತೆ ಕರಾರುವಾಕ್ಕಾಗುತ್ತದೆ. ಟ್ರೇಲರ್ ಚಕ್ರಗಳಿಗೆ ಅಡ್ಡ ಕೊಟ್ಟು, ಮೂಕಿಯ ಜಾಕಿಯನ್ನು ಇಟ್ಟಿಗೆ ಕಡೆಯ ಪೈಪ್‌ನಿಂದ 30 ಸೆಂ.ಮೀ., ತಕ್ಕಡಿ ಕಡೆಯ ಪೈಪ್‌ನಿಂದ 60 ಸೆಂ.ಮೀ. ದೂರದಲ್ಲಿ ಇಳಿಸಿ. ಹಲಗೆಯದೇ ತೂಕ ಕಳೆದು ಬಂದ ಅಂಕಿಯನ್ನು 3ರಿಂದ ಗುಣಿಸಿ. ಜಾಕಿ ಬಾಲ್‌ಗಿಂತ ತುಸು ಹಿಂದೆ ಇರುವುದರಿಂದ ಸ್ವಲ್ಪ ಹೆಚ್ಚು ತೋರಿಸುತ್ತದೆ. ಮೂಕಿಯ ತುದಿಯಲ್ಲಿ ಬಾಲ್ ಮೇಲೆ ಕೂರುವ ಕಪ್ಲರ್‌ನ ಕೆಳಗೇ ಕಂಬ ಕೊಟ್ಟು ಇಳಿಸಿದರೆ ಇನ್ನೂ ಸರಿ. ಟ್ರೇಲರ್ ಮಟ್ಟವಾಗಿ ನಿಂತಿರಲಿ.

ಮೂಕಿ ಭಾರ ಹೆಚ್ಚಿಸುವಾಗ ಪಿಕಪ್ ಬಾಗಿಲಿನ ಕಂಬದ ಮೇಲಿರುವ ಪೇಲೋಡ್ (ಗಾಡಿ ತನ್ನ ಮೇಲೆ ಹೊರಬಹುದಾದ ಭಾರ) ಸ್ಟಿಕ್ಕರ್ ಓದಲು ಮರೆಯಬೇಡಿ. ಮೂಕಿ ಭಾರ, ಜನ, ಹಿಂದೆ ಹೇರಿದ ಸಾಮಾನು, ಎಲ್ಲ ಸೇರಿ ಆ ಅಂಕಿಯೊಳಗೆ ಇರಬೇಕು. ಟ್ರೇಲರ್ ಎಳೆಯುವ ಶಕ್ತಿಯ ದೊಡ್ಡ ಅಂಕಿ ನೋಡಿ ಗಾಡಿ ಕೊಂಡವರಿಗೆ ಮೊದಲು ಅಡ್ಡ ಬರುವುದು ಈ ಚಿಕ್ಕ ಅಂಕಿ.

ಹಿಚ್ ಬಾಲ್‌ನ ಎತ್ತರ

ಹೊಸ ಪಿಕಪ್‌ಗಳ ಹಿಂಭಾಗ ಹಳೆಯದಕ್ಕಿಂತ ಎತ್ತರ ಇರುವುದು ಹೆಚ್ಚು. ಬಾಲ್ ಕೂರಿಸಿರುವ ಹಳೆ ಕಬ್ಬಿಣದ ತುಂಡನ್ನೇ, ಅಂದರೆ ಬಾಲ್ ಮೌಂಟನ್ನೇ ಹಾಕಿದರೆ ಟ್ರೇಲರ್ ಮೂತಿ ಎತ್ತಿಕೊಂಡು ನಿಲ್ಲುತ್ತದೆ. ಮಟ್ಟಸ ನೆಲದಲ್ಲಿ, ಎಲ್ಲ ತುಂಬಿ, ಟ್ರೇಲರ್ ಕಟ್ಟಿ, ಟ್ರೇಲರ್ ಚಾಸಿಯ ಮುಂದಿನ ಮತ್ತು ಹಿಂದಿನ ತುದಿ ನೆಲದಿಂದ ಎಷ್ಟು ಎತ್ತರ ಇದೆ ಅಳೆಯಿರಿ. ಎರಡೂ ಸಮ ಇರಬೇಕು, ಇಲ್ಲವೇ ಮುಂಭಾಗ ಒಂದು ಇಂಚಿನ ಒಳಗೆ ತಗ್ಗಿರಬೇಕು. ನನ್ನದರ ಮುಂಭಾಗ ಹಿಂಭಾಗಕ್ಕಿಂತ 65 ಮಿ.ಮೀ. ಎತ್ತರ ನಿಂತಿತ್ತು. ಮೂತಿ ಎದ್ದ ಎರಡು ಆಕ್ಸಲ್‌ನ ಟ್ರೇಲರ್‌ನಲ್ಲಿ ಹಿಂದಿನ ಆಕ್ಸಲ್ ಜಾಸ್ತಿ ಭಾರ ಹೊರುತ್ತದೆ, ಮುಂದಿನದು ಸೋಮಾರಿಯಾಗುತ್ತದೆ. ಇನ್ನೂ ಹೆಚ್ಚು ತಗ್ಗಿರುವ ಬಾಲ್ ಮೌಂಟ್ ಹಾಕಿದರೆ ಮುಗಿಯಿತು. ಅದರ ತೂಕದ ಮಿತಿ ನಿಮ್ಮ ಟ್ರೇಲರ್‌ಗೆ ಸಾಕಾಗುತ್ತದಾ ನೋಡಿಕೊಳ್ಳಿ.

ಗಾಡಿಗೆ ತಾನೇ ಮಟ್ಟ ಮಾಡಿಕೊಳ್ಳುವ ಏರ್ ಸಸ್ಪೆನ್ಷನ್ ಇದ್ದರೆ ಅಳತೆಗೆ ಮುಂಚೆ ಕೈಪಿಡಿ ಓದಿ. ಯಾವ ಮೋಡ್‌ನಲ್ಲಿಟ್ಟು ಹಿಚ್ ಹೊಂದಿಸಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಅದನ್ನು ಬಿಟ್ಟು ಅಳೆದರೆ ನೀವು ಅಳೆಯುತ್ತಿರುವಾಗಲೇ ಗಾಡಿ ಎದ್ದು ಇಳಿದು ಎಲ್ಲ ಅಂಕಿಯೂ ಸುಳ್ಳಾಗುತ್ತದೆ.

ಸ್ಪ್ರಿಂಗ್ ಬಾರ್‌ಗಳನ್ನು ಹೊಸದಾಗಿ ಹೊಂದಿಸಿ

ಭಾರ ಹಂಚುವ ಹಿಚ್ ಇದ್ದವರು ಹಳೆ ಗಾಡಿಯಲ್ಲಿ ಎಷ್ಟನೇ ಚೈನ್ ಕೊಂಡಿಗೆ ಬಾರ್ ಸಿಕ್ಕಿಸುತ್ತಿದ್ದರೋ ಹೊಸದರಲ್ಲೂ ಅಲ್ಲಿಗೇ ಸಿಕ್ಕಿಸುತ್ತಾರೆ. ಆ ಕೊಂಡಿಯ ಲೆಕ್ಕ ಹಳೆ ಗಾಡಿಯದು. ಹೊಸ ಗಾಡಿಯ ಚಕ್ರಾಂತರ ಬೇರೆ, ಸ್ಪ್ರಿಂಗ್ ಬೇರೆ.

ಅಳೆಯುವ ರೀತಿ ಹೀಗೆ. ಮುಂದಿನ ಚಕ್ರದ ನಡುವಿಗೆ ನೇರವಾಗಿ ಮಡ್‌ಗಾರ್ಡ್ ಅಂಚಿನ ಮೇಲೆ ಚಿಕ್ಕ ಟೇಪ್ ಅಂಟಿಸಿ, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಟ್ರೇಲರ್ ಇಲ್ಲದೆ ಎತ್ತರ ಅಳೆಯಿರಿ. ನನಗೆ 960 ಮಿ.ಮೀ. ಬಂತು. ಟ್ರೇಲರ್ ಕಟ್ಟಿ, ಬಾರ್ ಹಾಕದೆ ಅಳೆದರೆ 984. ಹಿಂದೆ ಭಾರ ಕೂತು ಮುಂಭಾಗ 24 ಮಿ.ಮೀ. ಎದ್ದಿತ್ತು. ಅಂದರೆ ಸ್ಟೀರಿಂಗ್ ತಿರುಗಿಸುವ ಚಕ್ರಗಳೇ ಹಗುರವಾಗಿದ್ದವು. ಬಾರ್ ಹಾಕಿ ಬಿಗಿಸುತ್ತಾ ಬಂದರೆ ಮುಂಭಾಗ ಇಳಿಯುತ್ತದೆ. ಎಷ್ಟು ಇಳಿಯಬೇಕು ಅನ್ನುವುದು ತಯಾರಕರಿಗೆ ತಕ್ಕಂತೆ ಬೇರೆ. ನನ್ನ ಗಾಡಿಯ ಕೈಪಿಡಿ ಎದ್ದದ್ದರಲ್ಲಿ ಅರ್ಧ ಇಳಿಸಿ ಅನ್ನುತ್ತದೆ, ಅದಕ್ಕೆ 972ಕ್ಕೆ ನಿಲ್ಲಿಸಿದೆ.

ಜಾಸ್ತಿ ಬಿಗಿಸಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಅಪಾಯದ್ದು. ಮುಂಭಾಗವನ್ನು ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗೆ ಇಳಿಸಿದರೆ ಪಿಕಪ್‌ನ ಹಿಂದಿನ ಟೈರ್‌ಗಳ ಮೇಲಿನ ಭಾರ ಹಗುರವಾಗುತ್ತದೆ. ಟ್ರೇಲರ್ ಪಕ್ಕಕ್ಕೆ ತಳ್ಳಿದಾಗ ತಡೆದು ನಿಲ್ಲಬೇಕಾದದ್ದೇ ಆ ಟೈರ್‌ಗಳು. ಅಲ್ಲಿ ಹಿಡಿತ ತಪ್ಪಿದರೆ ಗಾಡಿಯ ಹಿಂಭಾಗವೇ ಜಾರುತ್ತದೆ. ಇನ್ನೊಂದು ಮಾತು: ಸ್ಪ್ರಿಂಗ್ ಬಾರ್ ಇರುವುದು ಮೂಕಿ ಭಾರವನ್ನು ಹಂಚಲು. ಕಡಿಮೆ ಇರುವ ಮೂಕಿ ಭಾರವನ್ನು ಅದು ಸರಿ ಮಾಡುವುದಿಲ್ಲ.

ಟೈರ್

ಇದು ಬೇಗ ಮುಗಿಯುವ ಕೆಲಸ, ಆದರೆ ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಮಾಡಿ. ಹೊಸ ಗಾಡಿ ಕೈಗೆ ಬಂದಾಗ ಟೈರ್‌ನಲ್ಲಿರುವ ಗಾಳಿ ಸ್ಟಿಕ್ಕರ್‌ನಲ್ಲಿ ಇರುವಷ್ಟೇ ಇರುತ್ತದೆ ಅಂತ ನಂಬಬೇಡಿ. ಅಳೆಯಿರಿ. ಪೂರ್ತಿ ಭಾರಕ್ಕೆ ಹೇಳಿರುವ ಒತ್ತಡವನ್ನು ಹಿಂದಿನ ಚಕ್ರಗಳಿಗೆ ಹಾಕಿ, ಟೈರ್ ಬದಿಯಲ್ಲಿ ಬರೆದ ಗರಿಷ್ಠ ಮಿತಿ ಮಾತ್ರ ದಾಟಬೇಡಿ. ಟ್ರೇಲರ್ ಟೈರ್‌ಗಳಿಗೆ ಟ್ರೇಲರ್ ಮೇಲಿನ ಫಲಕ ಹೇಳಿದಷ್ಟು, ಎಡಬಲ ಒಂದೇ ಸಮ.

ಕಾರಿನ ಟೈರ್‌ನಂತೆ ಮೆತ್ತಗಿನ ಬದಿ ಇರುವ ಟೈರ್ ಹಾಕಿ ಬರುವ ಪಿಕಪ್‌ಗಳಿವೆ. ಪ್ರಯಾಣಕ್ಕೆ ಹಿತ, ಆದರೆ ಭಾರದಲ್ಲಿ ಟೈರ್‌ನ ಬದಿ ಎಡಕ್ಕೂ ಬಲಕ್ಕೂ ಬಾಗುತ್ತದೆ. ಜೊತೆಗೆ ಹೊಸ ಟೈರ್‌ನ ಪೂರ್ತಿ ಆಳದ ರಬ್ಬರ್ ತುಂಡುಗಳೂ ಸ್ವಲ್ಪ ಅಲುಗುತ್ತವೆ. ಗಾಳಿ ಸರಿ ಹಾಕಿದ ಮೇಲೂ ಹಿಂಭಾಗ ಮೆತ್ತಗೆ ಅನಿಸಿದರೆ, ಲಘು ಟ್ರಕ್‌ಗಳಿಗೆ ಮಾಡಿದ ಗಟ್ಟಿ ಬದಿಯ ಟೈರ್ ಹಾಕಿಸುವುದು ಹಣ ಹಾಕಬಹುದಾದ ಜಾಗ. ಟ್ರೇಲರ್ ಟೈರ್ ಸವೆಯದಿದ್ದರೂ ಹಳತಾಗಿರಬಹುದು. ಬದಿಯಲ್ಲಿ ನಾಲ್ಕು ಅಂಕಿಯ ಗುರುತು ಹುಡುಕಿ. 3219 ಅಂತಿದ್ದರೆ 2019ರ 32ನೇ ವಾರ ತಯಾರಾದದ್ದು.

ಸಡಿಲ ಎಲ್ಲಿದೆ?

ಟ್ರೇಲರ್ ಕಟ್ಟಿ, ಒಬ್ಬರು ಪಿಕಪ್‌ನಲ್ಲಿ ಕೂತು ಬ್ರೇಕ್ ಬಿಟ್ಟು ಹಿಡಿದು ಮಾಡುತ್ತಾ ಅರ್ಧ ಅಡಿ ಹಿಂದೆ ಮುಂದೆ ಮಾಡಲಿ. ಇನ್ನೊಬ್ಬರು ಪಕ್ಕಕ್ಕೆ ನಿಂತು ಹಿಚ್ ಮಾತ್ರ ನೋಡಲಿ, ಎರಡು ಗಾಡಿಗಳ ನಡುವೆ ಕಾಲಿಡಬಾರದು. 'ಟಕ್' ಸದ್ದು ಎಲ್ಲಿಂದ ಬರುತ್ತದೆ ಕೇಳಿ. ಹೊಸ ಗಾಡಿಯ ರಿಸೀವರ್ (ಬಾಲ್ ಮೌಂಟ್ ತೂರಿಸುವ ಚೌಕ ಕೊಳವೆ) ಎರಡೂವರೆ ಇಂಚಿನದಾಗಿ, ಹಳೆ ಎರಡು ಇಂಚಿನ ಮೌಂಟನ್ನು ನಡುವೆ ಸ್ಲೀವ್, ಅಂದರೆ ಸಂದು ತುಂಬುವ ಕೊಳವೆ, ಹಾಕಿ ಕೂರಿಸಿದ್ದರೆ ಸದ್ದು ಅಲ್ಲಿಂದಲೇ ಬರುವುದು ಹೆಚ್ಚು. ರಿಸೀವರ್ ಅಳತೆಯದೇ ಮೌಂಟ್ ತಂದರೆ ಆ ಪ್ಲೇ, ಅಂದರೆ ಸಡಿಲ, ಹೋಗುತ್ತದೆ.

ಆಮೇಲೆ ಬಾಲ್‌ನ ಕೆಳಗಿನ ನಟ್ ಬಿಗಿ ಇದೆಯಾ ನೋಡಿ. ಕಪ್ಲರ್ ಮೇಲೆ ಬರೆದ ಅಳತೆ ಮತ್ತು ಬಾಲ್ ಮೇಲೆ ಕೆತ್ತಿದ ಅಳತೆ ಒಂದೇನಾ ಓದಿ. 2 5/16 ಇಂಚಿನ ಕಪ್ಲರ್ 2 ಇಂಚಿನ ಬಾಲ್ ಮೇಲೆ ಕೂತ ಹಾಗೆ ಕಾಣುತ್ತದೆ, ರಸ್ತೆಯಲ್ಲಿ ಕಳಚಿಕೊಳ್ಳುತ್ತದೆ. ಲಾಕ್ ಹಾಕಿದ ಮೇಲೆ ಮೂಕಿಯ ಜಾಕಿ ತಿರುಗಿಸಿ ಎತ್ತಿ. ಪಿಕಪ್‌ನ ಹಿಂಭಾಗವೂ ಜೊತೆಗೆ ಎದ್ದರೆ ಕಪ್ಲರ್ ಬಾಲನ್ನು ಹಿಡಿದಿದೆ ಅಂತ ಅರ್ಥ.

ಟ್ರೇಲರ್ ಚಕ್ರಗಳನ್ನು ಒಂದೊಂದಾಗಿ ಜಾಕಿ ಮೇಲೆ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲುಗಿಸಿ. ಬೇರಿಂಗ್‌ನಲ್ಲಿ ಪ್ಲೇ ಇದ್ದರೆ ಕೈಗೆ ಗೊತ್ತಾಗುತ್ತದೆ. ಎಲೆ ಸ್ಪ್ರಿಂಗ್‌ನ ಕೊಂಡಿ, ಬೋಲ್ಟ್, ಬುಷ್‌ಗಳು ಸವೆದು ರಂಧ್ರ ಮೊಟ್ಟೆಯಾಕಾರ ಆಗಿದ್ದರೆ ಆಕ್ಸಲ್ ತನಗಿಷ್ಟ ಬಂದತ್ತ ಸರಿಯುತ್ತದೆ.

ಹೊಸ ಬಾಲ್‌ನ ಬಣ್ಣ

ಇದು ತುಂಬ ಜನಕ್ಕೆ ಹೊಳೆಯುವುದಿಲ್ಲ, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ಕೆಲವು ಕಪ್ಲರ್‌ಗಳ ಒಳಗೆ ಘರ್ಷಣೆಯ ಪ್ಯಾಡ್ ಇರುತ್ತದೆ. ಅದು ಬಾಲನ್ನು ಎರಡೂ ಕಡೆಯಿಂದ ಅದುಮಿ ಹಿಡಿದು ಓಲಾಟ ತಡೆಯುತ್ತದೆ. ಅದಕ್ಕೆ ಬಾಲ್ ಒಣಗಿ, ಬರಿ ಲೋಹವಾಗಿ ಇರಬೇಕು. ಹೊಸ ಪಿಕಪ್‌ಗೆ ಹೊಸ ಬಾಲ್ ಬಂದಿರುತ್ತದೆ, ಅದರ ಮೇಲೆ ಕಪ್ಪು ಬಣ್ಣ ಇರುತ್ತದೆ. ಪರಿಚಯದವರೊಬ್ಬರ ಟ್ರೇಲರ್ ನೋಡಲು ಹೋದಾಗ ಕಪ್ಲರ್ ಎತ್ತಿ ಬಿಳಿ ಬಟ್ಟೆಯಿಂದ ಪ್ಯಾಡ್ ಒರೆಸಿದೆ. ಬಟ್ಟೆಗೆ ಕಾಡಿಗೆಯಂತೆ ಬಣ್ಣ ಹತ್ತಿತು, ಪ್ಯಾಡ್ ಗಾಜಿನಂತೆ ಹೊಳೆಯುತ್ತಿತ್ತು. ಉಜ್ಜು ಕಾಗದದಿಂದ ಬಾಲ್‌ನ ಬಣ್ಣ ಪೂರ್ತಿ ತೆಗೆದು, ಪ್ಯಾಡ್‌ನ ಮೇಲ್ಮೈ ಲಘುವಾಗಿ ಉಜ್ಜಿ, ಎಣ್ಣೆ ಜಿಡ್ಡು ಒರೆಸಿದೆವು. ಹಿಡಿತ ವಾಪಸ್ ಬಂತು. ಪ್ಯಾಡ್ ತೀರಾ ಸವೆದಿದ್ದರೆ ಬದಲಾಯಿಸಲೇಬೇಕು.

ಪ್ಯಾಡ್ ಇಲ್ಲದ ಸಾಮಾನ್ಯ ಕಪ್ಲರ್‌ಗೆ ಬಾಲ್ ಮೇಲೆ ತೆಳುವಾಗಿ ಗ್ರೀಸ್ ಇರುವುದು ಒಳ್ಳೆಯದೇ. ನಿಮ್ಮದು ಯಾವುದು ಅಂತ ತಿಳಿದು ಗ್ರೀಸ್ ಡಬ್ಬಿ ತೆಗೆಯಿರಿ. ಪಕ್ಕಕ್ಕೆ ಹಾಕುವ ಘರ್ಷಣೆ ಬಾರ್‌ಗೂ, ಘರ್ಷಣೆಯಿಂದಲೇ ಓಲಾಟ ತಡೆಯುವ ಬಾರ್ ಹಿಚ್‌ಗಳಿಗೂ ಪ್ಯಾಡ್‌ಗೆ ಹೇಳಿದ ಮಾತೇ, ಜಿಡ್ಡು ತಾಗಬಾರದು. ಕಿರಗುಟ್ಟುತ್ತದೆ ಅಂತ ಗ್ರೀಸ್ ಹಚ್ಚಿದರೆ ಕೆಲಸವೇ ನಿಂತುಹೋಗುತ್ತದೆ.

ಗಾಡಿಯ ಎಲೆಕ್ಟ್ರಾನಿಕ್ಸ್ ಏನು ಮುಚ್ಚಿಡುತ್ತದೆ

ಈಗಿನ ಹೆಚ್ಚಿನ ಪಿಕಪ್‌ಗಳಲ್ಲಿ ಟ್ರೇಲರ್ ಓಲಾಟ ನಿಯಂತ್ರಣ ಇರುತ್ತದೆ. ಗಾಡಿ ಎಡಬಲ ತಿರುಗುವುದನ್ನು ಸೆನ್ಸರ್ ಹಿಡಿದು, ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಕೊಟ್ಟು, ಎಂಜಿನ್ ಶಕ್ತಿ ಇಳಿಸುತ್ತದೆ. ಜೀವ ಉಳಿಸುವ ಸಾಧನ. ಆದರೆ ಅದು ಎಚ್ಚರವಾಗುವುದು ಓಲಾಟ ಆಗಲೇ ಶುರುವಾದ ಮೇಲೆ. ಡ್ಯಾಶ್‌ಬೋರ್ಡ್‌ನ ಸ್ಟೆಬಿಲಿಟಿ ದೀಪ ಮಿನುಗಿದ ಪ್ರತಿ ಸಲವೂ ಹೊಂದಾಣಿಕೆಯಲ್ಲಿ ತಪ್ಪಿದೆ ಅಂತ ಬರೆದುಕೊಳ್ಳಿ. ಪರೀಕ್ಷೆಗೆಂದು ಅದನ್ನು ಆಫ್ ಮಾಡಿ ಹೆದ್ದಾರಿಗೆ ಹೋಗಬೇಡಿ. ಟ್ರೇಲರ್ ಎಳೆಯುವಾಗ ಹಾಕುವ ಟೋ ಮೋಡ್ ಒತ್ತಿದರೆ ಓಲಾಟ ನಿಲ್ಲುತ್ತದೆ ಅಂತಲೂ ಅಂದುಕೊಳ್ಳಬೇಡಿ. ಅದರ ಮುಖ್ಯ ಕೆಲಸ ಗೇರ್ ಬದಲಾಗುವ ರೀತಿಯನ್ನು ಹೊಂದಿಸುವುದು.

ಗಾಡಿಯ ಒಳಗೇ ಬರುವ ಬ್ರೇಕ್ ಕಂಟ್ರೋಲರ್‌ಗೆ ನಿಮ್ಮ ಟ್ರೇಲರ್ ಯಾವ ಬಗೆಯದು ಅಂತ ಮೆನುವಿನಲ್ಲಿ ಹೇಳಬೇಕಾಗುತ್ತದೆ. ಶಕ್ತಿಯ ಮಟ್ಟ ಹೊಂದಿಸಲು ಖಾಲಿ, ಒಣ, ಸಮತಟ್ಟಾದ ಜಾಗದಲ್ಲಿ 30-40 ಕಿ.ಮೀ. ವೇಗದಲ್ಲಿ ಹೋಗುತ್ತಾ ಕೈ ಲಿವರ್ ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಕಟ್ಟಿಕೊಂಡು ಎಳೆದುಹೋದರೆ ಒಂದು ಹಂತ ಇಳಿಸಿ. ಸುಮ್ನೆ ಉರುಳುತ್ತಲೇ ಇದ್ದರೆ ಏರಿಸಿ. ಕಟ್ಟಿಕೊಳ್ಳುವುದಕ್ಕೆ ಸ್ವಲ್ಪ ಮುಂಚಿನ ಮಟ್ಟ ಸರಿಯಾದದ್ದು.

ಮತ್ತೆ ಓಡಿಸಿ ನೋಡುವುದು

ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನೂ ಒಟ್ಟಿಗೆ ಮಾಡಿ ಓಲಾಟ ನಿಂತರೆ ಯಾವುದರಿಂದ ನಿಂತಿತು ಅಂತ ಗೊತ್ತಾಗದು. ಮುಂದಿನ ಸಲ ಮತ್ತೆ ಬಂದರೆ ಮೊದಲಿಂದ ಶುರು. ಗಾಳಿ ಇಲ್ಲದ ಹೊತ್ತು, ಜನ ವಾಹನ ಕಡಿಮೆ ಇರುವ ನೇರ ರಸ್ತೆ ಆರಿಸಿ. 60ರಲ್ಲಿ ಐದು ನಿಮಿಷ, 70ರಲ್ಲಿ ಐದು ನಿಮಿಷ, ಹೀಗೆ ಏರಿಸಿ. ಬೇಕಂತಲೇ ಸ್ಟೀರಿಂಗ್ ಜಗ್ಗಿ ಓಲಾಡಿಸಿ ನೋಡಬೇಡಿ. ಕನ್ನಡಿಯಲ್ಲಿ ಟ್ರೇಲರ್ ಅಂಚು ಮತ್ತು ರಸ್ತೆಯ ಗೆರೆ ನಡುವಿನ ಜಾಗ ನೋಡುತ್ತಿದ್ದರೆ ಸಾಕು. ಹಿಂದೆ ಇನ್ನೊಂದು ಕಾರಿನಲ್ಲಿ ಯಾರಾದರೂ ಬಂದರೆ ಇನ್ನೂ ಒಳ್ಳೆಯದು, ಅವರಿಗೆ ನಿಮಗಿಂತ ಮೊದಲು ಕಾಣುತ್ತದೆ. ಟ್ರೇಲರ್ ಟೈರ್‌ನ ವೇಗದ ಮಿತಿಯನ್ನೂ, ರಸ್ತೆಯ ಮಿತಿಯನ್ನೂ ದಾಟಬೇಡಿ.

ನನ್ನ ವಿಷಯದಲ್ಲಿ ಸಾಮಾನು ಸರಿಸಿದ ಮೇಲೆ ಮುಕ್ಕಾಲು ಪಾಲು ಹೋಯಿತು. ಬಾಲ್ ಇಳಿಸಿದ ಮೇಲೆ ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಸ್ಪ್ರಿಂಗ್ ಬಾರ್ ಹೊಂದಿಸಿದ್ದರಿಂದ ಓಲಾಟಕ್ಕಿಂತ ಸ್ಟೀರಿಂಗ್‌ನ ಹಗುರತನ ಸರಿಯಾಯಿತು. ಅದೇ ಇಳಿಜಾರಿನಲ್ಲಿ ತಮ್ಮ ಮತ್ತೆ ಹಿಂದೆ ಬಂದ. ಕೆಳಗೆ ನಿಲ್ಲಿಸಿದಾಗ, "ಗೆರೆ ಎಳೆದ ಹಾಗೆ ಬಂತು ಅಣ್ಣಾ" ಅಂದ.

ಇಷ್ಟೆಲ್ಲ ಮಾಡಿಯೂ ನಿಮ್ಮದು ಆಡುತ್ತಲೇ ಇದ್ದರೆ ಆಕ್ಸಲ್ ಓರೆಯಾಗಿರಬಹುದು. ಕಪ್ಲರ್‌ನ ನಡುವಿನಿಂದ ಮುಂದಿನ ಆಕ್ಸಲ್‌ನ ಎಡ ತುದಿಗೆ ಒಂದು ಅಳತೆ, ಬಲ ತುದಿಗೆ ಒಂದು ಅಳತೆ ತೆಗೆಯಿರಿ. ಟೇಪನ್ನು ಇಬ್ಬರು ಹಿಡಿದು ಜಗ್ಗಿ ಅಳೆಯಬೇಕು, ಜೋತುಬಿದ್ದರೆ ಲೆಕ್ಕ ತಪ್ಪುತ್ತದೆ. ಎರಡೂ 3 ಮಿ.ಮೀ. ಒಳಗೆ ಹೊಂದಬೇಕು. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ, ಅಥವಾ ಟ್ರೇಲರ್ ಟೈರ್ ಒಂದು ಬದಿಯಲ್ಲೇ ಸವೆಯುತ್ತಿದ್ದರೆ, ಆಕ್ಸಲ್ ಹೊಂದಿಸುವ ವರ್ಕ್‌ಶಾಪ್‌ಗೆ ಒಯ್ಯಿರಿ. ಹೋಗುವಾಗ ಆ ನೋಟ್‌ಪುಸ್ತಕ ಜೊತೆಗಿರಲಿ: ಮೂರು ಕಡೆಯ ತೂಕ, ಮಡ್‌ಗಾರ್ಡ್‌ನ ಮೂರು ಎತ್ತರ, ಚಾಸಿಯ ಮುಂದಿನ ಹಿಂದಿನ ಎತ್ತರ, ತಣ್ಣಗಿದ್ದಾಗಿನ ಟೈರ್ ಒತ್ತಡ, ಎಷ್ಟು ವೇಗದಲ್ಲಿ ಎಷ್ಟು ಸಲ ಆಡಿತು ಅನ್ನುವುದು. "ಹಿಂದೆ ಆಡುತ್ತೆ ಸರ್, ನೋಡಿ" ಅಂದರೆ ಮೆಕ್ಯಾನಿಕ್ ಕೂಡ ಅಂದಾಜಿನಿಂದಲೇ ಶುರು ಮಾಡಬೇಕಾಗುತ್ತದೆ. ಈ ಅಂಕಿಗಳನ್ನು ಮುಂದಿಟ್ಟರೆ ಅವರು ನೇರ ಆಕ್ಸಲ್ ಕೆಳಗೆ ಹೋಗುತ್ತಾರೆ.